ಲಾಗರ್‌ನಲ್ಲಿ ಬೆಣ್ಣೆ ವಾಸನೆ: ಗ್ಲೂಕೋಮೀಟರ್ ತರಹದ ಸ್ಟ್ರಿಪ್ ಏನಾದರೂ ಇದೆಯಾ?

ಮಾಲ್ಟ್‌ಮೂಟೆ:

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಬ್ರೂಪಬ್‌ನಲ್ಲಿ ಅಸಿಸ್ಟೆಂಟ್ ಬ್ರೂವರ್ ಆಗಿದ್ದೇನೆ, ಮೂರು ವರ್ಷ ಆಯಿತು. ವೀಟ್ ಬಿಯರ್, ಏಲ್ ಎಲ್ಲ ಚೆನ್ನಾಗಿ ಬರುತ್ತಿದೆ. ಲಾಗರ್ ಮಾತ್ರ, ಅಂದರೆ ತಣ್ಣಗೆ ನಿಧಾನವಾಗಿ ಹುದುಗಿಸುವ ಬಿಯರ್, ಕೈ ಕೊಡುತ್ತಿದೆ. ಕಳೆದ ಐದು ಬ್ಯಾಚ್‌ಗಳಲ್ಲಿ ಎರಡರಲ್ಲಿ ಬೆಣ್ಣೆ ವಾಸನೆ ಬಂತು. ಮನೆಯಲ್ಲಿ ಕಡೆದು ತೆಗೆದ ಬೆಣ್ಣೆಯ ತಣ್ಣಗಿನ ವಾಸನೆ ಅಲ್ಲ, ಥಿಯೇಟರ್‌ನಲ್ಲಿ ಪಾಪ್‌ಕಾರ್ನ್ ಮೇಲೆ ಸುರಿಯುತ್ತಾರಲ್ಲ, ಅದು. ಕುಡಿದ ಮೇಲೆ ನಾಲಿಗೆಗೆ ಏನೋ ಜಿಡ್ಡು ಹತ್ತಿದ ಹಾಗೆ.

ಇದು ಡೈಅಸಿಟೈಲ್ ಎಂಬ ಪದಾರ್ಥದ ವಾಸನೆ ಅಂತ ಗೊತ್ತು. ಯಾಕೆ ಬರುತ್ತದೆ ಅಂತಲೂ ಸ್ವಲ್ಪ ಓದಿದ್ದೇನೆ. ನನ್ನ ಕಷ್ಟ ಬೇರೆ. ಟ್ಯಾಂಕ್ ಯಾವಾಗ ತಣ್ಣಗೆ ಮಾಡಬೇಕು ಅನ್ನುವುದನ್ನು ನಾವು ಮೂಗಿನಲ್ಲೇ ತೀರ್ಮಾನ ಮಾಡುತ್ತಿದ್ದೇವೆ, ಮತ್ತು ನಮ್ಮಲ್ಲಿ ಒಬ್ಬರ ಮೂಗು ಇನ್ನೊಬ್ಬರ ಮೂಗಿಗೆ ಹೊಂದುವುದಿಲ್ಲ. ನಮ್ಮ ಹೆಡ್ ಬ್ರೂವರ್ ಇಪ್ಪತ್ತು ವರ್ಷದ ಅನುಭವಸ್ಥರು, ಅವರಿಗೆ ಈ ವಾಸನೆ ತುಂಬಾ ಜಾಸ್ತಿ ಆದರೆ ಮಾತ್ರ ತಿಳಿಯುತ್ತದೆ. ಕೌಂಟರ್‌ನಲ್ಲಿರುವ ಹುಡುಗಿ ಲೋಟ ಮೂಗಿನ ಹತ್ತಿರ ತಂದ ಕೂಡಲೇ ಮುಖ ಸಿಂಡರಿಸುತ್ತಾಳೆ. ನಾನು ಮಧ್ಯದಲ್ಲೆಲ್ಲೋ ಇದ್ದೇನೆ. ಹೋದ ತಿಂಗಳು ಒಂದು ಸ್ಯಾಂಪಲ್ ಹೊರಗಿನ ಲ್ಯಾಬ್‌ಗೆ ಕಳಿಸಿದೆವು, ರಿಪೋರ್ಟ್ ಬರುವಷ್ಟರಲ್ಲಿ ಆರು ದಿನ. ಅಷ್ಟೊತ್ತಿಗೆ ಅರ್ಧ ಟ್ಯಾಂಕ್ ಗಿರಾಕಿಗಳ ಹೊಟ್ಟೆಗೆ ಹೋಗಿತ್ತು, ಇನ್ನರ್ಧ ನಾನೇ ಚರಂಡಿಗೆ ಬಿಟ್ಟೆ. ವಾಲ್ವ್ ತೆಗೆದು ನಿಂತಾಗ ಆದ ಸಂಕಟ ಹೇಳಲಿಕ್ಕಾಗದು.

ನಮ್ಮ ಅಪ್ಪನಿಗೆ ಶುಗರ್ ಇದೆ. ದಿನಾ ಬೆಳಗ್ಗೆ ಬೆರಳು ಚುಚ್ಚಿ ಒಂದು ಹನಿ ಸ್ಟ್ರಿಪ್‌ಗೆ ಮುಟ್ಟಿಸುತ್ತಾರೆ, ಐದು ಸೆಕೆಂಡಿಗೆ ನಂಬರ್ ಬರುತ್ತದೆ. ಅದರೊಳಗೆ ಇರುವುದು ಎನ್ಜೈಮ್ ಅಂತ ಓದಿದೆ. ಹಾಗಾದರೆ ಡೈಅಸಿಟೈಲ್‌ಗೂ ಒಂದು ಎನ್ಜೈಮ್ ಹಿಡಿದು ಅದೇ ತರಹ ಸ್ಟ್ರಿಪ್ ಯಾಕೆ ಮಾಡಿಲ್ಲ? ಮಾಡಿದ್ದರೆ ಎಲ್ಲಿ ಸಿಗುತ್ತದೆ? ಇಲ್ಲದಿದ್ದರೆ ನಮ್ಮಂಥ ಸಣ್ಣ ಜಾಗದಲ್ಲಿ ಬೇರೆ ದಾರಿ ಏನು? ಮಾಲೀಕರು ಸ್ವಲ್ಪ ಖರ್ಚು ಮಾಡಲು ಒಪ್ಪಿದ್ದಾರೆ, ವಾಸನೆಯ ಪದಾರ್ಥಗಳನ್ನು ಬೇರ್ಪಡಿಸಿ ಅಳೆಯುವ ದೊಡ್ಡ ಗ್ಯಾಸ್ ಕ್ರೊಮಟೋಗ್ರಾಫ್ ಎಲ್ಲ ಆಗುವ ಮಾತಲ್ಲ.

ಎಲೆಕ್ಟ್ರೋಡ್:

ಈ ಪ್ರಶ್ನೆ ನೋಡಿ ಖುಷಿಯಾಯಿತು, ನಾನು ಆರು ವರ್ಷ ಇದೇ ಕಿಣ್ವದ (ಎನ್ಜೈಮ್) ಸೆನ್ಸರ್‌ಗಳ ಮೇಲೆ ಕೆಲಸ ಮಾಡಿದವನು. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಅಪ್ಪನ ಸ್ಟ್ರಿಪ್‌ನಿಂದ ಶುರು ಮಾಡೋಣ. 1962ರಲ್ಲಿ ಲೆಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ ಎಂಬ ಇಬ್ಬರು ಅಮೆರಿಕದಲ್ಲಿ ಒಂದು ಸರಳ ಉಪಾಯ ಬರೆದಿಟ್ಟರು. ಆಕ್ಸಿಜನ್ ಅಳೆಯುವ ಎಲೆಕ್ಟ್ರೋಡ್ ಮುಂದೆ ಗ್ಲೂಕೋಸ್ ಆಕ್ಸಿಡೇಸ್ ಕಿಣ್ವವನ್ನು ತೆಳು ಪೊರೆಯಲ್ಲಿ ಹಿಡಿದಿಡುವುದು. ಗ್ಲೂಕೋಸ್ ಒಳಗೆ ಬಂದರೆ ಕಿಣ್ವ ಅದನ್ನು ಸುಡುತ್ತದೆ, ಆಕ್ಸಿಜನ್ ಖರ್ಚಾಗುತ್ತದೆ, ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಎಷ್ಟು ಆಕ್ಸಿಜನ್ ಕಡಿಮೆಯಾಯಿತು, ಅಥವಾ ಎಷ್ಟು ಪೆರಾಕ್ಸೈಡ್ ಬಂತು ಅಂತ ಕರೆಂಟ್‌ನಲ್ಲಿ ಅಳೆದರೆ ಮುಗಿಯಿತು. 1975ರಲ್ಲಿ ಯೆಲ್ಲೋ ಸ್ಪ್ರಿಂಗ್ಸ್ ಕಂಪನಿ ಇದೇ ತತ್ವದ ಗ್ಲೂಕೋಸ್ ಅನಲೈಜರ್ ಮಾರಾಟಕ್ಕೆ ತಂದಿತು. ಅಂಗೈಯಲ್ಲಿ ಹಿಡಿಯುವ ಮೀಟರ್‌ಗಳು ಬಂದದ್ದು ಆಮೇಲೆ.

ಹುದುಗಿದ ಪಾನೀಯಗಳಲ್ಲೂ ಇದೇ ಉಪಾಯ ಚೆನ್ನಾಗಿ ನಡೆಯುವ ಜಾಗಗಳಿವೆ. ಆಲ್ಕೋಹಾಲ್ ಅಳೆಯಲು ಆಲ್ಕೋಹಾಲ್ ಆಕ್ಸಿಡೇಸ್ ಇದೆ, ಒಂದು ಜಾತಿಯ ಯೀಸ್ಟ್‌ನಿಂದ ತೆಗೆಯುತ್ತಾರೆ. ಲ್ಯಾಕ್ಟಿಕ್ ಆಮ್ಲಕ್ಕೆ ಲ್ಯಾಕ್ಟೇಟ್ ಆಕ್ಸಿಡೇಸ್. ಹಸಿರು ಸೇಬಿನ ವಾಸನೆ ಕೊಡುವ ಅಸಿಟಾಲ್ಡಿಹೈಡ್‌ಗೆ ಆಲ್ಡಿಹೈಡ್ ಡಿಹೈಡ್ರೋಜಿನೇಸ್. ಇವುಗಳ ಮೇಲೆ ಪ್ರಪಂಚದಲ್ಲಿ ಬೇಕಾದಷ್ಟು ಕೆಲಸ ಆಗಿದೆ. ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲೂ ಆಹಾರಕ್ಕೆ ಬಯೋಸೆನ್ಸರ್ ಮಾಡುವ ಕೆಲಸ ಬಹಳ ಕಾಲದಿಂದ ನಡೆದಿದೆ.

ಡೈಅಸಿಟೈಲ್‌ಗೂ ಕಿಣ್ವ ಇದೆ, ಡೈಅಸಿಟೈಲ್ ರಿಡಕ್ಟೇಸ್ ಅಂತ ಹೆಸರು. ಅದು ಎನ್‌ಎಡಿಎಚ್ ಎಂಬ ಸಹಾಯಕ ಅಣುವನ್ನು ಖರ್ಚು ಮಾಡಿ ಡೈಅಸಿಟೈಲನ್ನು ಅಸಿಟೋಯಿನ್ ಮಾಡುತ್ತದೆ. ಎನ್‌ಎಡಿಎಚ್ 340 ನ್ಯಾನೋಮೀಟರ್ ಬೆಳಕನ್ನು ಹೀರುತ್ತದೆ, ಆದ್ದರಿಂದ ಅದು ಎಷ್ಟು ಕಡಿಮೆಯಾಯಿತು ಅಂತ ನೋಡಿದರೆ ಡೈಅಸಿಟೈಲ್ ಎಷ್ಟಿತ್ತು ಅಂತ ಗೊತ್ತಾಗಬೇಕು. ಕಾಗದದ ಮೇಲೆ ಬಹಳ ಚೆಂದ. ಆದರೆ ಲೆಕ್ಕ ಹಾಕಿ ನೋಡಿ. ಲಾಗರ್‌ನಲ್ಲಿ ಲೀಟರ್‌ಗೆ ಸುಮಾರು 0.1 ಮಿಲಿಗ್ರಾಂ ಡೈಅಸಿಟೈಲ್ ಇದ್ದರೆ ಚುರುಕು ಮೂಗಿಗೆ ಗೊತ್ತಾಗಲು ಶುರು. ಅಣುಗಳ ಲೆಕ್ಕದಲ್ಲಿ ಅದು 1.2 ಮೈಕ್ರೋಮೋಲಾರ್ ಹತ್ತಿರ. ಒಂದು ಸೆಂಟಿಮೀಟರ್ ಕ್ಯುವೆಟ್‌ನಲ್ಲಿ, ಅಂದರೆ ಬೆಳಕು ಹಾಯಿಸಿ ಅಳೆಯುವ ಸಣ್ಣ ಪಾತ್ರೆಯಲ್ಲಿ, ಇಷ್ಟು ಎನ್‌ಎಡಿಎಚ್ ಖರ್ಚಾದರೆ ಅಬ್ಸಾರ್ಬೆನ್ಸ್ (ಬೆಳಕು ಹೀರಿದ ಅಳತೆ) ಬದಲಾಗುವುದು 0.007 ಮಾತ್ರ. ಕ್ಯುವೆಟ್ ಮೇಲೆ ಬೆರಳಿನ ಗುರುತು ಬಿದ್ದರೂ ಅದಕ್ಕಿಂತ ಜಾಸ್ತಿ ಬದಲಾಗುತ್ತದೆ. ಬಿಯರ್‌ಗೆ ಬೇರೆ ತನ್ನದೇ ಬಣ್ಣ, ಮಬ್ಬು, ಗುಳ್ಳೆ.

ಇನ್ನೊಂದು ತೊಂದರೆ ಜನಸಂಖ್ಯೆಯದು. 5 ಪರ್ಸೆಂಟ್ ಬಿಯರ್‌ನಲ್ಲಿ ಒಂದು ಡೈಅಸಿಟೈಲ್ ಅಣುವಿಗೆ ಏಳು ಲಕ್ಷಕ್ಕೂ ಮೇಲೆ ಆಲ್ಕೋಹಾಲ್ ಅಣುಗಳಿವೆ. ಎರಡು ಕಿಲೋ ರಾಗಿಯಲ್ಲಿ ಒಂದೇ ಒಂದು ಸಾಸಿವೆ ಕಾಳು ಬಿದ್ದಿದೆ ಅಂದುಕೊಳ್ಳಿ, ಹೆಚ್ಚುಕಡಿಮೆ ಅದೇ ಲೆಕ್ಕ. ಕಿಣ್ವದ ಪುಡಿಯಲ್ಲಿ ಆಲ್ಕೋಹಾಲ್ ಡಿಹೈಡ್ರೋಜಿನೇಸ್ ಚೂರೇ ಚೂರು ಬೆರೆತಿದ್ದರೂ ಕಥೆ ಕೆಟ್ಟಿತು. ಅದು ಬಿಯರ್‌ನಲ್ಲಿರುವ ಅಸಿಟಾಲ್ಡಿಹೈಡನ್ನು ಹಿಡಿದು ಎನ್‌ಎಡಿಎಚ್ ತಿನ್ನುತ್ತದೆ. ಲೀಟರ್‌ಗೆ 5 ಮಿಲಿಗ್ರಾಂ ಅಸಿಟಾಲ್ಡಿಹೈಡ್ ಒಳ್ಳೆಯ ಬಿಯರ್‌ನಲ್ಲೂ ಇರುತ್ತದೆ, ಅಣುಗಳ ಲೆಕ್ಕದಲ್ಲಿ ಅದು ಡೈಅಸಿಟೈಲ್‌ಗಿಂತ ನೂರು ಪಟ್ಟು. ನಿಮಗೆ ನಂಬರ್ ಬರುತ್ತದೆ, ಆದರೆ ಅದು ಯಾರ ನಂಬರ್ ಅಂತ ಗೊತ್ತಾಗುವುದಿಲ್ಲ.

ನಾನು ಹಿಂದೆ ಕೆಲಸ ಮಾಡುತ್ತಿದ್ದ ಲ್ಯಾಬ್‌ನಲ್ಲಿ ನಾವು ಇದರಲ್ಲೇ ಎಂಟು ತಿಂಗಳು ಸಿಕ್ಕಿಕೊಂಡಿದ್ದೆವು. ಬಫರ್‌ನಲ್ಲಿ, ಅಂದರೆ ಲ್ಯಾಬ್‌ನ ಶುದ್ಧ ದ್ರಾವಣದಲ್ಲಿ, ಡೈಅಸಿಟೈಲ್ ಹಾಕಿದರೆ ಗೆರೆ ಎಳೆದ ಹಾಗೆ ನೇರ ಗ್ರಾಫ್. ಬಿಯರ್ ಹಾಕಿದ ದಿನ ಎಲ್ಲ ಅಡ್ಡಾದಿಡ್ಡಿ. ಹೊರಗೆ ಜನ ಹೇಳುವ ಬಹಳಷ್ಟು ಸೆನ್ಸರ್‌ಗಳ ಕಥೆಯೂ ಇಷ್ಟೇ, ಬಫರ್‌ನಲ್ಲಿ ಗೆದ್ದವು ಲೋಟದಲ್ಲಿ ಸೋಲುತ್ತವೆ. ಯಾರಾದರೂ ನಿಮಗೆ ಇಂಥದ್ದು ಮಾರಲು ಬಂದರೆ ಒಂದೇ ಪ್ರಶ್ನೆ ಕೇಳಿ: ನಮ್ಮ ಬಿಯರ್‌ಗೆ ಗೊತ್ತಿರುವಷ್ಟು ಡೈಅಸಿಟೈಲ್ ನಾನೇ ಬೆರೆಸಿ ಕೊಡುತ್ತೇನೆ, ಎಷ್ಟು ಬೆರೆಸಿದೆ ಅಂತ ನಿಮ್ಮ ಯಂತ್ರ ಹೇಳುತ್ತದಾ?

ಲ್ಯಾಬ್‌ಗಳು ಏನು ಮಾಡುತ್ತವೆ ಅಂದರೆ, ಒಂದೋ ಬಿಯರ್ ಮೇಲಿನ ಗಾಳಿಯನ್ನು ಗ್ಯಾಸ್ ಕ್ರೊಮಟೋಗ್ರಾಫ್‌ಗೆ ಬಿಡುತ್ತವೆ, ಇಲ್ಲವೇ ಬಿಯರ್ ಬಟ್ಟಿ ಇಳಿಸಿ ಅದಕ್ಕೆ ಆರ್ಥೋ ಫಿನೈಲೀನ್ ಡೈಅಮೀನ್ ಬೆರೆಸಿ 335 ನ್ಯಾನೋಮೀಟರ್‌ನಲ್ಲಿ ಓದುತ್ತವೆ. ಎರಡನೆಯದು ನಿಮ್ಮಲ್ಲಿ ಆಗಬಹುದು ಅನ್ನಿಸಬಹುದು, ಆದರೆ ಆ ರಾಸಾಯನಿಕ ವಿಷ, ಅಡುಗೆಮನೆ ಪಕ್ಕದಲ್ಲಿ ಇಟ್ಟುಕೊಳ್ಳುವಂಥದ್ದಲ್ಲ. ದಯವಿಟ್ಟು ಬೇಡ.

ಹಳೇಟ್ಯಾಂಕ್:

ಎಲೆಕ್ಟ್ರೋಡ್ ಸರ್ ಹೇಳಿದ್ದು ಪೂರ್ತಿ ಸರಿ. ಆದರೆ ಬ್ರೂವರ್ ಆಗಿ ನನಗೆ ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ನಾಳೆ ಬೆಳಗ್ಗೆ ಯಾರೋ ದೇವರಂಥವರು ಬಂದು ಪಕ್ಕಾ ಕೆಲಸ ಮಾಡುವ ಡೈಅಸಿಟೈಲ್ ಸ್ಟ್ರಿಪ್ ನಿಮ್ಮ ಕೈಗೆ ಕೊಟ್ಟರೂ, ಅದನ್ನು ಹಾಗೇ ಟ್ಯಾಂಕ್ ಬಿಯರ್‌ಗೆ ಅದ್ದಿದರೆ ನೀವು ಮೋಸ ಹೋಗುತ್ತೀರಿ.

ಯಾಕೆ ಅಂದರೆ ಯೀಸ್ಟ್ ಡೈಅಸಿಟೈಲನ್ನು ನೇರವಾಗಿ ಮಾಡುವುದಿಲ್ಲ. ಅದು ತನಗೆ ಬೇಕಾದ ವ್ಯಾಲೀನ್ ಎಂಬ ಅಮೈನೋ ಆಮ್ಲ ಕಟ್ಟುವಾಗ ಮಧ್ಯದಲ್ಲಿ ಆಲ್ಫಾ ಅಸಿಟೋಲ್ಯಾಕ್ಟೇಟ್ ಅನ್ನುವುದು ಬರುತ್ತದೆ, ಅದರಲ್ಲಿ ಸ್ವಲ್ಪ ಹೊರಗೆ ಸೋರುತ್ತದೆ. ಆ ಸೋರಿದ್ದಕ್ಕೆ ವಾಸನೆಯೇ ಇಲ್ಲ. ಅದು ಬಿಯರ್‌ನಲ್ಲಿ ಸುಮ್ನೆ ಕೂತು ನಿಧಾನವಾಗಿ, ತನ್ನಷ್ಟಕ್ಕೆ ತಾನೇ ಡೈಅಸಿಟೈಲ್ ಆಗುತ್ತದೆ. ತಣ್ಣಗಿದ್ದರೆ ಇನ್ನೂ ನಿಧಾನ. ಡೈಅಸಿಟೈಲ್ ಆದ ಮೇಲೆ ಯೀಸ್ಟ್ ಅದನ್ನು ಮತ್ತೆ ಒಳಗೆ ಎಳೆದುಕೊಂಡು ವಾಸನೆ ಇಲ್ಲದ ಪದಾರ್ಥವಾಗಿ ಮಾಡುತ್ತದೆ. ಆ ಕೆಲಸವನ್ನು ಯೀಸ್ಟ್ ಬೇಗ ಮಾಡುತ್ತದೆ. ನಿಧಾನದ ಹೆಜ್ಜೆ ಅಂದರೆ ಮಧ್ಯದ್ದು, ಅದಕ್ಕೆ ಯೀಸ್ಟ್‌ನ ಕೈ ಇಲ್ಲ.

ಈಗ ನಿಮ್ಮ ಟ್ಯಾಂಕ್ ನೆನಪಿಸಿಕೊಳ್ಳಿ. ಗ್ರ್ಯಾವಿಟಿ (ಸಕ್ಕರೆಯಿಂದ ಬರುವ ಸಾಂದ್ರತೆ) ಇಳಿದಿದೆ, ಲೋಟದಲ್ಲಿ ವಾಸನೆ ಇಲ್ಲ, ಮೂವರೂ ಚೆನ್ನಾಗಿದೆ ಅಂದರು. ಮಾಲೀಕರು ಶನಿವಾರಕ್ಕೆ ಲಾಗರ್ ಬೇಕು ಅಂದರು. ತಣ್ಣಗೆ ಮಾಡಿದಿರಿ, ಯೀಸ್ಟ್ ಕೆಳಗೆ ಕೂತಿತು, ತೆಗೆದು ಹಾಕಿದಿರಿ. ಉಳಿದ ಅಸಿಟೋಲ್ಯಾಕ್ಟೇಟ್ ಒಂದು ವಾರದಲ್ಲಿ ಒಂದೊಂದಾಗಿ ಡೈಅಸಿಟೈಲ್ ಆಗುತ್ತಾ ಬಂತು, ತಿನ್ನಲು ಯೀಸ್ಟ್ ಇಲ್ಲ. ಸರ್ವಿಂಗ್ ಟ್ಯಾಂಕ್‌ನಲ್ಲಿ ಪಾಪ್‌ಕಾರ್ನ್. ನಿಮಗೆ ಹೀಗೇ ಆಗಿರುತ್ತದೆ, ಅಲ್ವಾ?

ಅದಕ್ಕೆ ನಾವು ಹಳೆಯ ಬ್ರೂವರ್‌ಗಳು ಮಾಡುವುದು ಬಿಸಿ ಪರೀಕ್ಷೆ. ಖರ್ಚು ಎರಡು ಗಾಜಿನ ಜಾರ್. ಟ್ಯಾಂಕ್‌ನಿಂದ ಎರಡರಲ್ಲೂ ನೂರು ನೂರು ಎಂಎಲ್ ಹಿಡಿಯಿರಿ. ಒಂದನ್ನು ಮುಚ್ಚಿ ಫ್ರಿಜ್‌ನಲ್ಲಿಡಿ. ಇನ್ನೊಂದನ್ನು ಗಟ್ಟಿಯಾಗಿ ಅಲ್ಲದೆ, ಗ್ಯಾಸ್ ಹೋಗುವಷ್ಟು ಸಡಿಲವಾಗಿ ಮುಚ್ಚಿ 60ರಿಂದ 65 ಡಿಗ್ರಿ ನೀರಿನಲ್ಲಿ ಅರ್ಧ ಗಂಟೆ ಇಡಿ. ಆ ಬಿಸಿಗೆ ಅಸಿಟೋಲ್ಯಾಕ್ಟೇಟ್ ಡೈಅಸಿಟೈಲ್ ಆಗಿಬಿಡುತ್ತದೆ, ವಾರಗಟ್ಟಲೆ ಆಗುವುದು ಅರ್ಧ ಗಂಟೆಯಲ್ಲಿ ಆಗುತ್ತದೆ. ಆಮೇಲೆ ಎರಡನ್ನೂ ಒಂದೇ ತಾಪಕ್ಕೆ ತಂದು ಮೂಸಿ. ಇದು ಮುಖ್ಯ, ಬಿಸಿ ಜಾರ್ ಜಾಸ್ತಿ ವಾಸನೆ ಕೊಟ್ಟೇ ಕೊಡುತ್ತದೆ, ಹಾಗೆ ಹೋಲಿಸಬಾರದು.

ಎರಡರಲ್ಲೂ ಬೆಣ್ಣೆ ಇಲ್ಲದಿದ್ದರೆ ತಣ್ಣಗೆ ಮಾಡಿ. ಬಿಸಿ ಮಾಡಿದ್ದರಲ್ಲಿ ಮಾತ್ರ ಇದ್ದರೆ ಬಾಕಿ ಇನ್ನೂ ಒಳಗೆ ಕೂತಿದೆ, ಟ್ಯಾಂಕನ್ನು 16 ಡಿಗ್ರಿ ಆಸುಪಾಸಿಗೆ ಏರಿಸಿ ಎರಡು ಮೂರು ದಿನ ಬಿಡಿ, ಯೀಸ್ಟ್ ತೆಗೆಯಬೇಡಿ. ಎರಡರಲ್ಲೂ ಇದ್ದರೂ ಕಾಯಿರಿ. ಅದಕ್ಕೂ ಜಗ್ಗದಿದ್ದರೆ ಯೀಸ್ಟ್ ಸುಸ್ತಾಗಿದೆ ಅಂತ ಅರ್ಥ, ಚುರುಕಾಗಿ ಹುದುಗುತ್ತಿರುವ ಬಿಯರ್ ಸ್ವಲ್ಪ ತಂದು ಬೆರೆಸಬೇಕಾಗುತ್ತದೆ.

ಮೂಗಿನ ವಿಷಯಕ್ಕೆ ಬಂದರೆ, ಕೌಂಟರ್‌ನ ಆ ಹುಡುಗಿಯನ್ನು ಕರೆದುಕೊಳ್ಳಿ. ಡೈಅಸಿಟೈಲ್‌ಗೆ ಮೂಗಿನ ಚುರುಕು ಒಬ್ಬರಿಂದ ಒಬ್ಬರಿಗೆ ಬಹಳ ಬೇರೆ. ಇದರಲ್ಲಿ ಅನುಭವ, ಹುದ್ದೆ ಏನೂ ನಡೆಯುವುದಿಲ್ಲ. ನಿಮ್ಮ ಹೆಡ್ ಬ್ರೂವರ್‌ಗೆ ಇದರಲ್ಲಿ ಅವಮಾನ ಏನೂ ಇಲ್ಲ, ಅವರಿಗೆ ಬೇರೆ ವಾಸನೆಗಳು ಎಲ್ಲರಿಗಿಂತ ಮೊದಲು ಸಿಗುತ್ತಿರಬಹುದು.

ಮಾಲ್ಟ್‌ಮೂಟೆ:

ಮೇಡಂ, ನೀವು ಬರೆದ ಶನಿವಾರದ ಕಥೆ ಓದಿ ನಾನು ಬ್ರೂ ಲಾಗ್ ತೆಗೆದು ನೋಡಿದೆ. ಎರಡೂ ಕೆಟ್ಟ ಬ್ಯಾಚ್‌ಗಳನ್ನು ನಾವು ಎಂಟನೇ ದಿನವೇ ತಣ್ಣಗೆ ಮಾಡಿದ್ದೆವು. ಉಳಿದ ಮೂರನ್ನು ಹನ್ನೊಂದು, ಹನ್ನೆರಡಕ್ಕೆ. ಇಷ್ಟು ದಿನ ಇದು ಕಣ್ಣಿಗೇ ಬಿದ್ದಿರಲಿಲ್ಲ. ಇನ್ನೊಂದು ವಿಷಯ, ಆ ಎರಡರಲ್ಲೂ ಅಕ್ಕಿ ಫ್ಲೇಕ್ಸ್ ಜಾಸ್ತಿ ಹಾಕಿದ್ದೆವು, ಹಗುರ ಬಿಯರ್ ಬೇಕು ಅಂತ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಎಲೆಕ್ಟ್ರೋಡ್ ಸರ್, ಹಾಗಾದರೆ ಬಿಸಿ ಮಾಡಿದ ಸ್ಯಾಂಪಲ್ ಮೇಲೆ ಸೆನ್ಸರ್ ಇಟ್ಟರೆ? ಬಾಕಿ ಲೆಕ್ಕವೂ ಸೇರಿ ಬರುತ್ತದಲ್ವಾ? ಮತ್ತೆ ಅಪ್ಪನ ಗ್ಲೂಕೋಮೀಟರ್‌ನಲ್ಲೇ ಬಿಯರ್ ಸಕ್ಕರೆ ನೋಡಬಹುದಾ, ಹುದುಗುವುದು ಮುಗಿಯಿತಾ ಇಲ್ಲವಾ ಅಂತ?

ಎಲೆಕ್ಟ್ರೋಡ್:

ಹಳೇಟ್ಯಾಂಕ್ ಮೇಡಂ ಹೇಳಿದ್ದನ್ನು ನಾನು ಮೊದಲ ಉತ್ತರದಲ್ಲೇ ಬರೆಯಬೇಕಿತ್ತು. ನಾವು ಸೆನ್ಸರ್ ಮಾಡುವವರು ಅಣುವಿನ ಹಿಂದೆ ಬೀಳುತ್ತೇವೆ, ಅದು ನಾಳೆ ಎಷ್ಟಾಗುತ್ತದೆ ಅಂತ ಯೋಚಿಸುವವರು ಬ್ರೂವರ್‌ಗಳು. ಹೌದು, ಬಿಸಿ ಮಾಡಿದ ಸ್ಯಾಂಪಲ್ ಅಳೆಯುವುದೇ ಸರಿ, ಒಳ್ಳೆಯ ಲ್ಯಾಬ್‌ಗಳೂ ಹಾಗೇ ಮಾಡಿ ಒಟ್ಟು ಲೆಕ್ಕ ಕೊಡುತ್ತವೆ. ಮುಂದಿನ ಸಲ ಹೊರಗೆ ಸ್ಯಾಂಪಲ್ ಕಳಿಸಿದರೆ, ಬಿಸಿ ಮಾಡಿ ಅಳೆದದ್ದಾ ಹಾಗೇ ಅಳೆದದ್ದಾ ಅಂತ ಮೊದಲು ಕೇಳಿ. ಇಲ್ಲದಿದ್ದರೆ ಆರು ದಿನ ಕಾದು ಬರುವ ನಂಬರ್ ದಾರಿಯಲ್ಲೇ ಬದಲಾಗಿರುತ್ತದೆ.

ಅಕ್ಕಿಗೂ ಇದಕ್ಕೂ ಸಂಬಂಧ ಇದೆ. ಅಕ್ಕಿ ಹೆಚ್ಚಾದಷ್ಟೂ ವರ್ಟ್‌ನಲ್ಲಿ (ಹುದುಗುವ ಮೊದಲಿನ ಸಿಹಿ ರಸ) ಅಮೈನೋ ಆಮ್ಲ ಕಡಿಮೆ. ವ್ಯಾಲೀನ್ ಹೊರಗೆ ಸಿಗದಿದ್ದರೆ ಯೀಸ್ಟ್ ತಾನೇ ಕಟ್ಟಿಕೊಳ್ಳಲು ಹೋಗುತ್ತದೆ, ಕಟ್ಟುವಾಗಲೇ ಸೋರಿಕೆ. ಅಕ್ಕಿ ಹಾಕಬೇಡಿ ಅಂತಲ್ಲ, ಹಾಕಿದ ಬ್ಯಾಚ್‌ಗೆ ಹೆಚ್ಚು ದಿನ ಕೊಡಿ.

ಗ್ಲೂಕೋಮೀಟರ್ ಪ್ರಶ್ನೆ ಬಹಳ ಜನ ಕೇಳುತ್ತಾರೆ. ಮಾಡಬಹುದು ಅನ್ನುವಷ್ಟರಲ್ಲಿ ಒಂದು ಎಡವಟ್ಟಿದೆ. ಬಿಯರ್‌ನ ಮುಖ್ಯ ಸಕ್ಕರೆ ಮಾಲ್ಟೋಸ್. ಗ್ಲೂಕೋಸ್ ಆಕ್ಸಿಡೇಸ್ ಇರುವ ಸ್ಟ್ರಿಪ್‌ಗೆ ಮಾಲ್ಟೋಸ್ ಕಾಣುವುದೇ ಇಲ್ಲ. ಯೀಸ್ಟ್ ಗ್ಲೂಕೋಸನ್ನು ಮೊದಲೇ ಮುಗಿಸಿರುತ್ತದೆ, ಹಾಗಾಗಿ ಎರಡನೇ ದಿನವೇ ಮೀಟರ್ ಸೊನ್ನೆ ಹತ್ತಿರ ತೋರಿಸಬಹುದು, ಒಳಗೆ ಬೆಟ್ಟದಷ್ಟು ಸಕ್ಕರೆ ಬಾಕಿ ಇರುತ್ತದೆ. ಪಿಕ್ಯೂಕ್ಯೂ ಎಂಬ ಸಹಾಯಕ ಅಣು ಇಟ್ಟುಕೊಂಡ ಗ್ಲೂಕೋಸ್ ಡಿಹೈಡ್ರೋಜಿನೇಸ್ ಕಿಣ್ವದ ಸ್ಟ್ರಿಪ್‌ಗಳೂ ಇದ್ದವು, ಅವು ಮಾಲ್ಟೋಸನ್ನೂ ಗ್ಲೂಕೋಸ್ ಅಂತಲೇ ಎಣಿಸುತ್ತವೆ. ಆಸ್ಪತ್ರೆಗಳಲ್ಲಿ ಇದೇ ದೊಡ್ಡ ಅನಾಹುತ ಆಯಿತು. ಒಂದು ಬಗೆಯ ಡಯಾಲಿಸಿಸ್ ದ್ರವದಿಂದ ರೋಗಿಗಳ ರಕ್ತದಲ್ಲಿ ಮಾಲ್ಟೋಸ್ ಬರುತ್ತಿತ್ತು, ಮೀಟರ್ ಶುಗರ್ ಜಾಸ್ತಿ ಅಂತ ತೋರಿಸುತ್ತಿತ್ತು, ಅದನ್ನು ನಂಬಿ ಇನ್ಸುಲಿನ್ ಕೊಟ್ಟು ಜೀವ ಹೋದವು. 2009ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದರ ಬಗ್ಗೆ ಎಚ್ಚರಿಕೆ ಹೊರಡಿಸಿತು. ಕಿಣ್ವ ಯಾರನ್ನು ಗುರುತಿಸುತ್ತದೆ, ಯಾರನ್ನು ತಪ್ಪಾಗಿ ಗುರುತಿಸುತ್ತದೆ ಅಂತ ತಿಳಿಯದೆ ನಂಬರ್ ನಂಬಬಾರದು ಅಂತ ನಾನು ಪದೇ ಪದೇ ಹೇಳುವುದು ಇದಕ್ಕೇ. ನಿಮಗೆ ಗ್ರ್ಯಾವಿಟಿ ನೋಡುವ ಹೈಡ್ರೋಮೀಟರ್ ಸಾಕು.

ಇದೇ ಕಾರಣಕ್ಕೆ ಇನ್ನೊಂದು ಮಾತು ಸೇರಿಸುತ್ತೇನೆ. ಆಲ್ಕೋಹಾಲ್ ಆಕ್ಸಿಡೇಸ್ ಸ್ಟ್ರಿಪ್‌ಗಳು ಮೆಥನಾಲ್‌ಗೂ ಎಥನಾಲ್‌ಗೂ ಎರಡಕ್ಕೂ ಬಣ್ಣ ತಿರುಗುತ್ತವೆ. ಮನೆಯಲ್ಲಿ ಹುದುಗಿಸುವವರು ಅದನ್ನು ಮೆಥನಾಲ್ ಪರೀಕ್ಷೆ ಅಂದುಕೊಂಡು ಯಾವತ್ತೂ ಬಳಸಬಾರದು.

ದ್ರಾಕ್ಷಿಬಳ್ಳಿ:

ನಾನು ವೈನ್ ಕಡೆಯವನು, ನಂದಿ ಬೆಟ್ಟದ ಸುತ್ತ ಕೆಲಸ. ಇಲ್ಲಿ ಮಾತು ಕಿಣ್ವ ಬೇಡ ಅನ್ನುವ ಕಡೆ ಹೋಗುತ್ತಿದೆ ಅನ್ನಿಸಿತು, ಆದ್ದರಿಂದ ಅದು ಗೆದ್ದ ಜಾಗದ ಬಗ್ಗೆಯೂ ಹೇಳುತ್ತೇನೆ.

ಕೆಂಪು ವೈನ್‌ನಲ್ಲಿ ಯೀಸ್ಟ್ ಕೆಲಸ ಮುಗಿದ ಮೇಲೆ ಬ್ಯಾಕ್ಟೀರಿಯಾದ ಎರಡನೇ ಹುದುಗು ಇರುತ್ತದೆ. ಈನೋಕೋಕಸ್ ಎಂಬ ಬ್ಯಾಕ್ಟೀರಿಯಾ ಚುರುಕು ಹುಳಿಯ ಮ್ಯಾಲಿಕ್ ಆಮ್ಲವನ್ನು ಮೆದು ಹುಳಿಯ ಲ್ಯಾಕ್ಟಿಕ್ ಮಾಡುತ್ತದೆ. ಅದು ಮುಗಿಯಿತಾ ಅಂತ ತಿಳಿಯದೆ ಬಾಟಲಿಗೆ ತುಂಬಿದರೆ ಬಾಟಲಿಯೊಳಗೆ ಮತ್ತೆ ಶುರುವಾಗಿ ಗ್ಯಾಸ್ ಕಟ್ಟುತ್ತದೆ. ಮೊದಲು ನಾವು ಪೇಪರ್ ಕ್ರೊಮಟೋಗ್ರಫಿ ಮಾಡುತ್ತಿದ್ದೆವು, ಕಾಗದದ ಮೇಲೆ ಚುಕ್ಕಿ ಇಟ್ಟು ರಾತ್ರಿಯಿಡೀ ಬಿಟ್ಟು ಬೆಳಗ್ಗೆ ಹಳದಿ ಕಲೆ ಇದೆಯಾ ಅಂತ ನೋಡುವುದು. ಕಲೆ ಮಾಸಲಾಗಿದ್ದರೆ ಅದು ಇದೆಯೋ ಇಲ್ಲವೋ ಅಂತ ಕಿಟಕಿ ಹತ್ತಿರ ಹಿಡಿದುಕೊಂಡು ಮೂರು ಜನ ಜಗಳ. ಈಗ ಕಿಣ್ವದ ಕಿಟ್. ಮ್ಯಾಲೇಟ್ ಡಿಹೈಡ್ರೋಜಿನೇಸ್ ಮ್ಯಾಲಿಕ್ ಆಮ್ಲ ಹಿಡಿದು ಎನ್‌ಎಡಿಎಚ್ ಹುಟ್ಟಿಸುತ್ತದೆ. ಆ ಕ್ರಿಯೆ ಹಿಂದಕ್ಕೆ ತಿರುಗದ ಹಾಗೆ, ಹುಟ್ಟಿದ ಪದಾರ್ಥವನ್ನು ಎಳೆದುಕೊಳ್ಳಲು ಇನ್ನೊಂದು ಕಿಣ್ವ ಜೊತೆಗಿಟ್ಟಿರುತ್ತಾರೆ. ಸಣ್ಣ ಫೋಟೋಮೀಟರ್ ಸಾಕು. ಅರ್ಧ ಗಂಟೆಯೊಳಗೆ ಉತ್ತರ, ಮೂರು ಜನಕ್ಕೂ ಒಂದೇ ಉತ್ತರ.

ಇಲ್ಲಿ ಯಾಕೆ ನಡೆಯುತ್ತದೆ ಅಂದರೆ ಎಲೆಕ್ಟ್ರೋಡ್ ಅವರ ಲೆಕ್ಕವೇ. ಮ್ಯಾಲಿಕ್ ಆಮ್ಲ ಲೀಟರ್‌ಗೆ ಗ್ರಾಂ ಲೆಕ್ಕದಲ್ಲಿರುತ್ತದೆ, ನಿಮ್ಮ ಡೈಅಸಿಟೈಲ್‌ಗಿಂತ ಸಾವಿರಾರು ಪಟ್ಟು. ವೈನನ್ನು ಬೇಕಾದಷ್ಟು ನೀರು ಬೆರೆಸಿ ತೆಳು ಮಾಡಿದರೆ ಬಣ್ಣ, ಟ್ಯಾನಿನ್ ಎಲ್ಲ ಅಡ್ಡ ಬರುವುದು ನಿಂತುಹೋಗುತ್ತದೆ, ಮ್ಯಾಲಿಕ್ ಮಾತ್ರ ಅಳೆಯುವಷ್ಟು ಉಳಿಯುತ್ತದೆ. ಡೈಅಸಿಟೈಲನ್ನು ಹಾಗೆ ತೆಳು ಮಾಡಲು ಹೋದರೆ ಅದೇ ಮಾಯ.

ಎಲೆಕ್ಟ್ರೋಡ್ ಮೇಲೆ ನೇರ ಅಳೆಯುವ ಒಂದು ಯಂತ್ರವನ್ನೂ ನಾವು ಕೆಲ ಕಾಲ ತಂದಿಟ್ಟುಕೊಂಡಿದ್ದೆವು. ಬಿಳಿ ವೈನ್‌ನಲ್ಲಿ ಪರವಾಗಿಲ್ಲ, ಕೆಂಪಿನಲ್ಲಿ ಯಾವಾಗಲೂ ಜಾಸ್ತಿ ತೋರಿಸುತ್ತಿತ್ತು. ಮಾರಿದವರು ಕ್ಯಾಲಿಬ್ರೇಶನ್ ಮಾಡಿ ಅಂತಲೇ ಹೇಳಿದರು. ಕೊನೆಗೆ ಗೊತ್ತಾಯಿತು, ದ್ರಾಕ್ಷಿಯ ಪಾಲಿಫಿನಾಲ್‌ಗಳು ಕಿಣ್ವದ ಸಹಾಯವೇ ಇಲ್ಲದೆ ಎಲೆಕ್ಟ್ರೋಡ್ ಮೇಲೆ ಕರೆಂಟ್ ಕೊಡುತ್ತಿದ್ದವು.

ಹಾಂ, ವೈನ್‌ನಲ್ಲೂ ಡೈಅಸಿಟೈಲ್ ಇದೆ. ಅದೇ ಈನೋಕೋಕಸ್ ಸಿಟ್ರಿಕ್ ಆಮ್ಲದಿಂದ ಮಾಡುತ್ತದೆ. ಶಾರ್ಡನೇ ಎಂಬ ಬಿಳಿ ವೈನ್‌ನಲ್ಲಿ ಸ್ವಲ್ಪ ಇದ್ದರೆ ಜನ ಇಷ್ಟಪಟ್ಟು ಕುಡಿಯುತ್ತಾರೆ. ಅದಕ್ಕಿಂತ ವಿಚಿತ್ರ ಏನಂದರೆ ಸಲ್ಫರ್ ಡೈಆಕ್ಸೈಡ್ ಹಾಕಿದ ದಿನ ವಾಸನೆ ಕುಗ್ಗುತ್ತದೆ, ಎರಡೂ ಅಂಟಿಕೊಂಡಿರುತ್ತವೆ. ಸಲ್ಫರ್ ಇಳಿಯುತ್ತಾ ಬಂದ ಹಾಗೆ ಬೆಣ್ಣೆ ಮತ್ತೆ ಎದ್ದು ಬರುತ್ತದೆ. ಅಲ್ಲಿಯೂ ಇವತ್ತಿನ ಮೂಗು ನಾಳೆಯದನ್ನು ಹೇಳುವುದಿಲ್ಲ.

ಎಲೆಕ್ಟ್ರೋಡ್:

ದ್ರಾಕ್ಷಿಬಳ್ಳಿ ಅವರೇ, ನಿಮ್ಮ ಆ ಯಂತ್ರ ಪೆರಾಕ್ಸೈಡನ್ನು 0.6, 0.7 ವೋಲ್ಟ್‌ನಲ್ಲಿ ಓದುತ್ತಿದ್ದಿರಬೇಕು. ಅಷ್ಟು ವೋಲ್ಟ್ ಇಟ್ಟರೆ ಪಾಲಿಫಿನಾಲ್, ವಿಟಮಿನ್ ಸಿ, ಸಲ್ಫೈಟ್ ಎಲ್ಲವೂ ಒಳಗೆ ನುಗ್ಗುತ್ತವೆ. ಪಕ್ಕದಲ್ಲೇ ಕಿಣ್ವ ಇಲ್ಲದ ಇನ್ನೊಂದು ಎಲೆಕ್ಟ್ರೋಡ್ ಇಟ್ಟು ಅದರ ಕರೆಂಟ್ ಕಳೆಯುವುದು ಒಂದು ದಾರಿ. ಪ್ರಷ್ಯನ್ ಬ್ಲೂ ಲೇಪಿಸುವುದು ಇನ್ನೊಂದು. ಹಳೆಯ ಕಾಲದ ಅದೇ ನೀಲಿ ಬಣ್ಣ, ಅದು ಪೆರಾಕ್ಸೈಡನ್ನು ಸೊನ್ನೆ ವೋಲ್ಟ್ ಹತ್ತಿರವೇ ಹಿಡಿಯುತ್ತದೆ, ಉಳಿದವರು ಅಷ್ಟು ಕಡಿಮೆ ವೋಲ್ಟ್‌ಗೆ ಏಳುವುದಿಲ್ಲ. ನನಗೆ ಈ ಕ್ಷೇತ್ರದಲ್ಲಿ ತುಂಬಾ ಇಷ್ಟವಾದ ಉಪಾಯ ಅದು.

ಮಾಲ್ಟ್‌ಮೂಟೆ, ನಿಮ್ಮ ಸಮಸ್ಯೆಗೆ ಕಿಣ್ವ ಇನ್ನೊಂದು ಕಡೆಯಿಂದ ನೆರವಾಗುತ್ತದೆ. ಅಸಿಟೋಲ್ಯಾಕ್ಟೇಟ್ ಡಿಕಾರ್ಬಾಕ್ಸಿಲೇಸ್ ಅಂತ ಒಂದಿದೆ, ಬ್ರೂಯಿಂಗ್‌ಗೆಂದೇ ಮಾರುತ್ತಾರೆ. ಹುದುಗು ಶುರುವಾಗುವಾಗಲೇ ಹಾಕಿದರೆ ಸೋರಿದ ಅಸಿಟೋಲ್ಯಾಕ್ಟೇಟನ್ನು ಡೈಅಸಿಟೈಲ್ ಆಗಲು ಬಿಡದೆ ನೇರ ಅಸಿಟೋಯಿನ್ ಮಾಡುತ್ತದೆ. ಆ ನಿಧಾನದ ಹೆಜ್ಜೆಯನ್ನೇ ದಾಟಿಸಿಬಿಡುತ್ತದೆ. ಟ್ಯಾಂಕ್ ಕಡಿಮೆ ಇರುವವರಿಗೆ ಅನುಕೂಲ.

ಹಳೇಟ್ಯಾಂಕ್:

ಆ ಎನ್ಜೈಮ್ ಒಳ್ಳೆಯದೇ, ನಾನೂ ಬಳಸಿದ್ದೇನೆ. ಆದರೆ ಮೊದಲು ಬಿಸಿ ಪರೀಕ್ಷೆ ಕಲಿತುಕೊಳ್ಳಲಿ ಅಂತ ನನ್ನ ಅಭಿಪ್ರಾಯ. ಮುಗಿದ ಬಿಯರ್‌ನಲ್ಲಿ ಆಗಲೇ ಹುಟ್ಟಿದ ಡೈಅಸಿಟೈಲನ್ನು ಅದು ಮುಟ್ಟುವುದಿಲ್ಲ. ಕಾರಣ ತಿಳಿಯದೆ ಹಾಕಿದರೆ ಬೇರೆ ತಪ್ಪು ಮುಚ್ಚಿಹೋಗುತ್ತದೆ. ಬ್ಯಾಕ್ಟೀರಿಯಾ ಸೇರಿ ಬಂದ ಬೆಣ್ಣೆ ವಾಸನೆಗೆ ಅದು ಉತ್ತರವೇ ಅಲ್ಲ.

ಮಾಲ್ಟ್‌ಮೂಟೆ:

ಹನ್ನೆರಡು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಹೊಸ ಲಾಗರ್ ಬ್ಯಾಚ್ ಮೇಲೆ ಮೇಡಂ ಹೇಳಿದ ಹಾಗೇ ಮಾಡಿದೆ. ನಮ್ಮ ಅಡುಗೆಮನೆಯ ಸೂ ವೀಡ್ ಪಾತ್ರೆಯನ್ನು (ನೀರನ್ನು ಒಂದೇ ಬಿಸಿಯಲ್ಲಿಡುವಂಥದ್ದು) 63 ಡಿಗ್ರಿಗೆ ಇಟ್ಟು ಅದರಲ್ಲಿ ಜಾರ್ ಕೂರಿಸಿದೆ, ಶೆಫ್ ಒಪ್ಪಿದರು. ಏಳನೇ ದಿನ ತಣ್ಣನೆ ಜಾರ್‌ನಲ್ಲಿ ಏನೂ ಇಲ್ಲ. ಬಿಸಿ ಮಾಡಿದ ಜಾರ್ ಆರಿದ ಮೇಲೆ ಮುಚ್ಚಳ ತೆಗೆದೆ, ಪಾಪ್‌ಕಾರ್ನ್! ನನಗೇ ಸ್ಪಷ್ಟವಾಗಿ ಸಿಕ್ಕಿತು. ಹೆಡ್ ಬ್ರೂವರ್ ಎರಡು ಸಲ ಮೂಸಿ ಹೌದು ಅಂದರು. ಕೌಂಟರ್‌ನ ಹುಡುಗಿಗೆ ಯಾವುದು ಯಾವ ಜಾರ್ ಅಂತ ಹೇಳದೆ ಮೂರು ಕಪ್ ಕೊಟ್ಟೆ, ಎರಡರಲ್ಲಿ ಒಂದೇ ಬಿಯರ್, ಒಂದರಲ್ಲಿ ಬೇರೆ. ನಾಲ್ಕು ಸಲ ಕಪ್ ಬದಲಿಸಿದೆ, ನಾಲ್ಕೂ ಸಲ ಸರಿಯಾಗಿ ಹೇಳಿದಳು. ಈಗ ಟ್ಯಾಂಕ್ ತಣ್ಣಗೆ ಮಾಡುವ ಮೊದಲು ಅವಳ ಸಹಿ ಲಾಗ್‌ನಲ್ಲಿ ಬೇಕು ಅಂತ ನಮ್ಮ ಹೆಡ್ ಬ್ರೂವರ್ ಅವರೇ ನಿಯಮ ಮಾಡಿದ್ದಾರೆ.

16 ಡಿಗ್ರಿಗೆ ಏರಿಸಿದೆವು. ಒಂಬತ್ತನೇ ದಿನ ಬಿಸಿ ಜಾರ್‌ನಲ್ಲಿ ಲೇಶ ಉಳಿದಿತ್ತು, ಹತ್ತನೇ ದಿನ ಎರಡೂ ಶುದ್ಧ. ಹನ್ನೊಂದಕ್ಕೆ ತಣ್ಣಗೆ ಮಾಡಿದೆವು. ಮಾಲೀಕರಿಗೆ ಎರಡೂ ಜಾರ್ ಮೂಸಿಸಿದೆ, ಶನಿವಾರದ ಮಾತು ಮತ್ತೆ ಬರಲಿಲ್ಲ.

ಒಂದೇ ಒಂದು ಅನುಮಾನ ಉಳಿದಿದೆ. ಹಿಂದಿನ ಒಳ್ಳೆಯ ಬ್ಯಾಚ್ ಇನ್ನೂ ನಲ್ಲಿಯಲ್ಲಿ ಓಡುತ್ತಿದೆ. ಅದನ್ನು ನಿನ್ನೆ ಟ್ಯಾಂಕ್‌ನಿಂದ ನೇರ ಹಿಡಿದರೆ ಚೆನ್ನಾಗಿದೆ, ಮೂರನೇ ನಲ್ಲಿಯಿಂದ ಹಿಡಿದರೆ ಸಣ್ಣಗೆ ಬೆಣ್ಣೆ, ಜೊತೆಗೆ ಸ್ವಲ್ಪ ಹುಳಿ. ಇದೇನು?

ಹಳೇಟ್ಯಾಂಕ್:

ಅದು ಲೈನ್, ಟ್ಯಾಂಕ್‌ನಿಂದ ನಲ್ಲಿಗೆ ಬಿಯರ್ ತರುವ ಪೈಪ್. ಪೆಡಿಯೋಕೋಕಸ್, ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಕೂತಿವೆ ಪೈಪಿನೊಳಗೆ, ಅವು ಹುಳಿಯನ್ನೂ ಬೆಣ್ಣೆಯನ್ನೂ ಒಟ್ಟಿಗೆ ಕೊಡುತ್ತವೆ. ಯಾವ ಸೆನ್ಸರ್‌ನಲ್ಲಿ ನೋಡಿದರೂ ಅದೇ ಡೈಅಸಿಟೈಲ್, ಹುಟ್ಟಿದ ಜಾಗ ಮಾತ್ರ ಬೇರೆ. ಟ್ಯಾಂಕ್ ಚೆನ್ನಾಗಿದೆ, ಬಿಯರ್‌ನದ್ದು ತಪ್ಪಿಲ್ಲ.

ಇವತ್ತು ರಾತ್ರಿ ಮುಚ್ಚಿದ ಮೇಲೆ ಆ ನಲ್ಲಿ ಪೂರ್ತಿ ಬಿಚ್ಚಿ. ಒಳಗಿನ ರಬ್ಬರ್ ವಾಷರ್ ತೆಗೆದು ಉಗುರಿನಲ್ಲಿ ಕೆರೆದು ನೋಡಿ, ಲೋಳೆ ಸಿಕ್ಕರೆ ಬಿಸಾಕಿ ಹೊಸದು ಹಾಕಿ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕಿಕೊಂಡು ಲೈನ್‌ಗೆ ಕಾಸ್ಟಿಕ್ (ಪೈಪ್ ತೊಳೆಯುವ ತೀಕ್ಷ್ಣ ಕ್ಷಾರ) ಓಡಿಸಿ, ಆಮೇಲೆ ನೀರು ಬಿಡಿ. ಹೊರಗೆ ಬರುವ ನೀರಿಗೆ ಪಿಎಚ್ ಪೇಪರ್ ಮುಟ್ಟಿಸಿ, ನಿಮ್ಮ ಸಾದಾ ನೀರಿಗೆ ಬರುವ ಬಣ್ಣವೇ ಪೇಪರ್‌ಗೆ ಬರುವವರೆಗೂ ಬಿಡುತ್ತಿರಿ. ಇನ್ನು ಮುಂದೆ ಎರಡು ವಾರಕ್ಕೊಮ್ಮೆ ತಪ್ಪದೆ. ಮೊದಲ ಎರಡು ಲೋಟ ಚೆಲ್ಲಿ, ಮೂರನೆಯದನ್ನು ಆ ಹುಡುಗಿಗೆ ಕೊಡಿ.